ಸೊಟ್ಟ ಗೆರೆಯ ನೆಟ್ಟ ಮಾತು

ರಾಜಕಾರಣಿಯ ಮೂಗನ್ನು ಮಾರುದ್ದ ಎಳೆದ ವ್ಯಂಗ್ಯಚಿತ್ರ ಕಂಡರೆ ನಕ್ಕು ಪತ್ರಿಕೆಯ ಪುಟ ತಿರುವುತ್ತೇವೆ. ಅದೇ, ಚಿತ್ರಕಥೆಯೊಂದರಲ್ಲಿ ನಾಯಕನ ಮೂಗು ತುಸು ಸೊಟ್ಟಗಾದರೆ ಸಾಕು, ‘ಇವನಿಗೆ ಚಿತ್ರ ಬರೆಯೋಕೇ ಬರಲ್ಲ’ ಎಂದು ಪುಸ್ತಕ ಮುಚ್ಚಿಬಿಡುತ್ತೇವೆ. ಒಂದೇ ಕಣ್ಣು, ಎರಡು ಕಾನೂನು. ವ್ಯಂಗ್ಯಚಿತ್ರದ ವಿಷಯದಲ್ಲಿ ಕನ್ನಡಿಗರ ಕಣ್ಣು ಚೆನ್ನಾಗಿಯೇ ಪಳಗಿದೆ. ರಾಶಿಯವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಹಾಸ್ಯಪತ್ರಿಕೆಯಲ್ಲಿ ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಗೆರೆ ಎಳೆದ ಕಾಲದಿಂದಲೂ ಉಬ್ಬಿದ ಹೊಟ್ಟೆ, ಜೋತ ಕಿವಿ, ಬಾಗಿದ ಬೆನ್ನು ಎಲ್ಲವನ್ನೂ ಮಾತಿನ ಹಾಗೆ ಓದಲು ಕಲಿತಿದ್ದೇವೆ. ಆ ಕಲಿಕೆ ಚಿತ್ರಕಥೆಯ ಬಾಗಿಲಿಗೆ ಬಂದು ಯಾಕೆ ನಿಂತುಹೋಯಿತು? ಒಗ್ಗದ ಶೈಲಿಯ ಕಲಾವಿದನನ್ನು ಮೆಚ್ಚುವುದು ಹುಟ್ಟಿನಿಂದ ಬರುವ ಅಭಿರುಚಿಯೋ, ಕಲಿತು ಬರುವ ಓದೋ? ಕಲಿತು ಬರುವ ಓದು ಎಂಬುದು ಈ ಅಂಕಣದ ವಾದ. ಅದಕ್ಕೆ ಬೆಂಗಳೂರಿನಲ್ಲೇ ಇರುವ ಒಬ್ಬ ಕಲಾವಿದರನ್ನು ಸಾಕ್ಷಿಗೆ ಕರೆಯುತ್ತೇನೆ.

ಅವರ ಹೆಸರು ಜಾರ್ಜ್ ಮಾತೆನ್. ಪುಸ್ತಕಗಳ ಮೇಲೆ ಇರುವುದು ‘ಅಪ್ಪುಪೆನ್’. ಮೂಲ ಕೇರಳ, ಕೆಲಸ ಬೆಂಗಳೂರಿನಲ್ಲಿ. 2009ರಲ್ಲಿ ಚೆನ್ನೈನ ಬ್ಲಾಫ್ಟ್ ಪ್ರಕಾಶನ ಅವರ ಮೊದಲ ಪುಸ್ತಕ ‘ಮೂನ್‌ವರ್ಡ್’ ಹೊರತಂದಿತು. ಅಲ್ಲಿಂದ ಶುರುವಾಯಿತು ‘ಹಾಲಾಹಲ’ ಎಂಬ ಕಲ್ಪಿತ ಲೋಕದ ಕಥೆ. 2013ರಲ್ಲಿ ‘ಲೆಜೆಂಡ್ಸ್ ಆಫ್ ಹಾಲಾಹಲ’, 2014ರಲ್ಲಿ ‘ಆಸ್ಪೈರಸ್’, 2018ರಲ್ಲಿ ‘ದಿ ಸ್ನೇಕ್ ಅಂಡ್ ದಿ ಲೋಟಸ್’ ಬಂದವು. ಹಾಲಾಹಲ ನಮ್ಮದೇ ಲೋಕ, ಆದರೆ ವಕ್ರ ಕನ್ನಡಿಯಲ್ಲಿ ಕಂಡದ್ದು: ಕೊಳ್ಳುಬಾಕತನ, ಅಧಿಕಾರದ ಹುಚ್ಚು, ದೇವರು ಮತ್ತು ಜಾಹೀರಾತು ಕಲಸಿಹೋದ ಬೀದಿಗಳು. ಇದರ ಜೊತೆಗೆ ‘ರಾಷ್ಟ್ರಮ್ಯಾನ್’ ಎಂಬ ಅಣಕು ಸೂಪರ್‌ಹೀರೋನನ್ನೂ ಅವರು ಸೃಷ್ಟಿಸಿದರು. ಇವುಗಳಲ್ಲಿ ‘ಲೆಜೆಂಡ್ಸ್ ಆಫ್ ಹಾಲಾಹಲ’ ಹೊಸ ಓದುಗನನ್ನು ಹೆಚ್ಚು ಕಂಗೆಡಿಸುವ ಪುಸ್ತಕ. ಅದರಲ್ಲಿ ಐದು ಪ್ರೇಮಕಥೆಗಳಿವೆ, ಮಾತು ಮಾತ್ರ ಇಲ್ಲ. ಅದೂ ಸಾಲದೆಂಬಂತೆ ಒಂದೊಂದು ಕಥೆಗೂ ಚಿತ್ರದ ವರಸೆ ಬದಲಾಗುತ್ತದೆ.

ನಾನಿರುವ ಸೋಲದೇವನಹಳ್ಳಿ ಕಡೆ, ಹೆಸರಘಟ್ಟ ರಸ್ತೆಯುದ್ದಕ್ಕೂ ಕಾಲೇಜು ಹುಡುಗರೇ ತುಂಬಿದ್ದಾರೆ. ಮೊಬೈಲಿನಲ್ಲಿ ಜಪಾನಿನ ಮಾಂಗಾ ಓದಿ ಬೆಳೆದ ಈ ಹುಡುಗರಿಗೆ ಇಂಥ ಪುಸ್ತಕ ಕೊಟ್ಟರೆ ಗೊಣಗದೆ ಪುಟ ತಿರುವುತ್ತಾರೆ. ನನ್ನ ವಯಸ್ಸಿನವರ ಕೈಗಿಟ್ಟರೆ ಬರುವ ಪ್ರಶ್ನೆ ಒಂದೇ: ‘ಇದರಲ್ಲಿ ಓದೋದೇನಿದೆ?’ ಅದನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. ನಮ್ಮ ತಲೆಮಾರಿನ ಕಣ್ಣಿಗೆ ಯಾರು ಅಕ್ಷರಾಭ್ಯಾಸ ಮಾಡಿಸಿದರು ಎಂದು ನೋಡಿದರೆ ಆ ಪ್ರಶ್ನೆ ಎಲ್ಲಿಂದ ಬಂತೆಂದು ತಿಳಿಯುತ್ತದೆ.

ಮೊದಲ ಮೇಷ್ಟ್ರು ‘ಚಂದಮಾಮ’. 1949ರಲ್ಲಿ ಕನ್ನಡದ ಆವೃತ್ತಿ ಶುರುವಾಯಿತು. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ ಹಿಡಿದು ನಡೆಯುವ ವಿಕ್ರಮಾದಿತ್ಯನ ಚಿತ್ರ ನೆನಪಿಲ್ಲದ ಕನ್ನಡಿಗ ಆ ಕಾಲದಲ್ಲಿ ವಿರಳ. ಅದನ್ನು ಬರೆದವರು ಶಂಕರ್ ಎಂದೇ ಹೆಸರಾದ ಕೆ.ಸಿ. ಶಿವಶಂಕರನ್. ಎರಡನೆಯ ಮೇಷ್ಟ್ರು ‘ಅಮರ ಚಿತ್ರಕಥೆ’. ಇದರ ಬೇರಿಗೂ ಬೆಂಗಳೂರಿನ ಮಣ್ಣು ಅಂಟಿದೆ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ 1965ರಲ್ಲಿ ಕನ್ನಡದಲ್ಲಿ ಚಿತ್ರಕಥೆಗಳನ್ನು ಹೊರತಂದರು; ಕಥೆಗಳು ಮಾತ್ರ ಸಿಂಡ್ರೆಲಾಳಂಥ ಪರದೇಶಿಗಳವು. ಮುಂದೆ ಕಾರ್ಕಳದಲ್ಲಿ ಹುಟ್ಟಿ ಮುಂಬಯಿ ಸೇರಿದ್ದ ಅನಂತ ಪೈ ಮಾಲಿಕೆಯನ್ನು ನಮ್ಮ ಪುರಾಣ, ಇತಿಹಾಸದ ಕಡೆ ತಿರುಗಿಸಿದರು. ಮೊದಲ ಹತ್ತು ಸಂಖ್ಯೆಗಳು ವಿದೇಶಿ ಕಥೆಗಳ ಪಾಲಾಗಿದ್ದರಿಂದಲೇ ರಾಮ್ ವಾಯಿರ್‌ಕರ್ ಬರೆದ ‘ಕೃಷ್ಣ’ನಿಗೆ ಸಿಕ್ಕಿದ್ದು ಹನ್ನೊಂದನೆಯ ಸಂಖ್ಯೆ.

ಈ ಎರಡೂ ಶಾಲೆಗಳ ಪಾಠ ಒಂದೇ ಬಗೆಯದು. ರವಿವರ್ಮನ ತೈಲಚಿತ್ರ, ಗೋಡೆಯ ಕ್ಯಾಲೆಂಡರ್, ಅಮೆರಿಕದ ಫ್ಯಾಂಟಮ್ ಮತ್ತು ಟಾರ್ಜನ್ ಕಾಮಿಕ್ಸ್ ಬೆರೆತ ಒಂದು ನಯವಾದ ವಾಸ್ತವ. ದೇವರ ಮೈಕಟ್ಟು ಅಚ್ಚುಕಟ್ಟು, ರಾಣಿಯ ಕಣ್ಣು ಕಮಲದೆಸಳು. ಚೌಕಟ್ಟಿನ ನೆತ್ತಿಯ ಮೇಲಿನ ಹಳದಿ ಪಟ್ಟಿಯಲ್ಲಿ ಕಥೆ ಇರುತ್ತದೆ, ಕೆಳಗಿನ ಚಿತ್ರ ಅದಕ್ಕೆ ‘ಹೌದು ಹೌದು’ ಎನ್ನುತ್ತದೆ. ಇದರಿಂದ ಲಾಭವಾಗಿದೆ, ಅಜ್ಜಿ ಹೇಳದ ಕಥೆಗಳೂ ಮನೆ ಸೇರಿದವು, ಅಕ್ಷರ ಆಗಷ್ಟೇ ಕಲಿತ ಮಗು ಕೂಡ ಇತಿಹಾಸ ಮಾತನಾಡಿತು. ನಷ್ಟವೂ ಆಗಿದೆ. ಒಳ್ಳೆಯವನು ಬೆಳ್ಳಗೆ, ರಾಕ್ಷಸ ಕಪ್ಪಗೆ ಎಂಬ ಬಣ್ಣದ ಪೂರ್ವಗ್ರಹ ಸದ್ದಿಲ್ಲದೆ ಒಳಬಂತು. ವಿದ್ವಾಂಸರು ಅದನ್ನು ಹಲವು ಸಲ ಎತ್ತಿ ತೋರಿಸಿದ್ದಾರೆ. ಅದಕ್ಕಿಂತ ಆಳದ ನಷ್ಟವೆಂದರೆ ಚಿತ್ರ ಮಾತಿನ ಆಳು ಎಂಬ ನಂಬಿಕೆ. ಪಟ್ಟಿ ಓದಿದೆವು, ಚಿತ್ರದ ಮೇಲೆ ಕಣ್ಣಾಡಿಸಿದೆವು, ಪುಟ ತಿರುವಿದೆವು. ಹೀಗೆ ಪಳಗಿದ ಕಣ್ಣಿಗೆ ಮಾತಿಲ್ಲದ ಪುಸ್ತಕ ಖಾಲಿ ಪುಸ್ತಕ.

ಮಾತಿಲ್ಲದ ಚಿತ್ರಪುಸ್ತಕವೇನೂ ನಿನ್ನೆ ಮೊನ್ನೆಯ ಚೇಷ್ಟೆಯಲ್ಲ. ಬೆಲ್ಜಿಯಂನ ಫ್ರಾನ್ಸ್ ಮಾಸೆರೀಲ್ 1919ರಲ್ಲಿ 167 ಮರದಚ್ಚಿನ ಚಿತ್ರಗಳಲ್ಲಿ ಒಬ್ಬ ಮನುಷ್ಯನ ಬಾಳನ್ನು ಒಂದಕ್ಷರವಿಲ್ಲದೆ ಹೇಳಿದ. ಅದರ ಜರ್ಮನ್ ಆವೃತ್ತಿಗೆ ಮುನ್ನುಡಿ ಬರೆದವರು ಕಾದಂಬರಿಕಾರ ಥಾಮಸ್ ಮನ್. ಹತ್ತು ವರ್ಷದ ನಂತರ ಅಮೆರಿಕದ ಲಿಂಡ್ ವಾರ್ಡ್ ಅದೇ ದಾರಿಯಲ್ಲಿ ‘ಗಾಡ್ಸ್ ಮ್ಯಾನ್’ ಮಾಡಿದ. 1929ರ ಅಕ್ಟೋಬರಿನಲ್ಲಿ, ಷೇರುಪೇಟೆ ಕುಸಿದ ವಾರವೇ, ಅದು ಅಂಗಡಿಗೆ ಬಂತು. ನಮ್ಮ ಕಾಲದಲ್ಲಿ ಆಸ್ಟ್ರೇಲಿಯಾದ ಶಾನ್ ಟಾನ್ 2006ರ ‘ದಿ ಅರೈವಲ್’ನಲ್ಲಿ ವಲಸೆಗಾರನ ಕಥೆಗೆ ಮೌನವನ್ನೇ ಆರಿಸಿಕೊಂಡ. ಹೊಸ ದೇಶಕ್ಕೆ ಬಂದವನಿಗೆ ಅಲ್ಲಿನ ಫಲಕ, ಭಾಷೆ, ಲಿಪಿ ಒಂದೂ ತಿಳಿಯುವುದಿಲ್ಲ, ಓದುಗನಿಗೂ ತಿಳಿಯಬಾರದು. ಮಾತನ್ನು ತೆಗೆದದ್ದೇ ಅಲ್ಲಿ ಕಥೆ ಹೇಳುವ ಉಪಾಯ.

ಹಾಗಾದರೆ ಮಾತಿಲ್ಲದ, ಸೊಟ್ಟ ಗೆರೆಯ ಪುಟವನ್ನು ಓದುವುದು ಹೇಗೆ? ಕೆಲಸಕ್ಕೆ ಬರುವ ನಾಲ್ಕು ಸಂಗತಿಗಳಿವೆ.

ಮೊದಲನೆಯದು ಗೆರೆ. ಏನನ್ನು ಬರೆದಿದ್ದಾರೆ ಎನ್ನುವ ಮೊದಲು ಹೇಗೆ ಬರೆದಿದ್ದಾರೆ ಎಂದು ನೋಡಬೇಕು. ನಡುಗುವ ಗೆರೆ, ಚುಚ್ಚುವ ಗೆರೆ, ಒಂದೇ ಉಸಿರಿಗೆ ಎಳೆದ ದಪ್ಪ ಗೆರೆ ಬೇರೆ ಬೇರೆ ದನಿಗಳು. ಅಪ್ಪುಪೆನ್ ಒಂದೇ ಪುಸ್ತಕದ ಐದು ಕಥೆಗಳಿಗೆ ಐದು ಕೈ ಬಳಸಿದ್ದು ಆಟಕ್ಕಲ್ಲ. ಪ್ರತಿ ಕಥೆಯ ದನಿ ಬೇರೆ, ಆದ್ದರಿಂದ ಗೆರೆಯೂ ಬೇರೆ. ಶೈಲಿ ಎನ್ನುವುದು ಒಂದು ಪ್ರಾಂತದ ನುಡಿಯಿದ್ದಂತೆ. ಧಾರವಾಡದ ಮಾತು ಬೆಂಗಳೂರಿನ ಕಿವಿಗೆ ಮೊದಲ ದಿನ ಒರಟು, ಒಂದು ತಿಂಗಳು ಅಲ್ಲಿ ಇದ್ದು ಬಂದವನಿಗೆ ಅದರ ಸವಿ ಬೇರೆಲ್ಲೂ ಸಿಗುವುದಿಲ್ಲ. ಕಿವಿ ಅದೇ, ಬದಲಾದದ್ದು ಒಡನಾಟ.

ಎರಡನೆಯದು ಕಪ್ಪು. ಬಣ್ಣದ ಕಾಮಿಕ್ಸ್ ಓದಿದವರು ಕಪ್ಪನ್ನು ನೆರಳೆಂದಷ್ಟೇ ಭಾವಿಸುತ್ತಾರೆ. 1994ರಲ್ಲಿ ‘ಹೆಲ್‌ಬಾಯ್’ ಆರಂಭಿಸಿದ ಮೈಕ್ ಮಿನ್ಯೋಲಾ ಪುಟದ ಅರ್ಧವನ್ನು ಕಪ್ಪಿನಲ್ಲಿ ಮುಳುಗಿಸಿ, ಮುಖಕ್ಕೆ ಎರಡೇ ಗೆರೆ ಬಿಟ್ಟ. ಮೂಗು, ಬಾಯಿ ಎಲ್ಲಿ ಎಂದು ಕೇಳಿದವರಿದ್ದರು. ಕಾಣದ್ದೇ ಭಯ ಎಂಬುದು ಅವನ ಲೆಕ್ಕಾಚಾರ. ಅವನಿಗಿಂತ ಹಿಂದಿನ ಜ್ಯಾಕ್ ಕರ್ಬಿಯ ಪಾತ್ರಗಳ ಬೆರಳುಗಳು ಇಟ್ಟಿಗೆಯಂತೆ ಚೌಕ, ಆಕಾಶದ ಶಕ್ತಿಯನ್ನು ತೋರಿಸಲು ಗುಂಪು ಗುಂಪು ಕಪ್ಪು ಚುಕ್ಕಿ. ಅಂಗರಚನೆಯ ಪುಸ್ತಕ ಹಿಡಿದು ನೋಡಿದರೆ ತಪ್ಪು. ಆದರೆ ಗುದ್ದು ಬಿದ್ದ ಸದ್ದು ಕಾಗದದಿಂದ ಕೇಳಿಸುವುದು ಆ ಚೌಕ ಬೆರಳಿನಿಂದಲೇ. ಕರ್ಬಿಗೆ ಬೇಕಿದ್ದದ್ದು ಕೈಯ ಆಕಾರವಲ್ಲ, ಗುದ್ದಿನ ತೂಕ.

ಮೂರನೆಯದು ಚೌಕಟ್ಟಿನ ಅಳತೆ. ಚಿತ್ರಕಥೆಯಲ್ಲಿ ಕಾಲ ಎನ್ನುವುದು ಜಾಗವಾಗಿ ಹರಡಿಕೊಂಡಿರುತ್ತದೆ. ಸಣ್ಣ ಸಣ್ಣ ಚೌಕಗಳ ಸಾಲು ಎಂದರೆ ಧಾವಂತ. ಪುಟವಿಡೀ ಒಂದೇ ಚಿತ್ರ ಎಂದರೆ ಅಲ್ಲಿ ನಿಲ್ಲು ಎಂಬ ಅಪ್ಪಣೆ. ಮಾತಿದ್ದರೆ ಓದುವ ಹೊತ್ತು ತಾನೇ ವೇಗವನ್ನು ಹಿಡಿದಿಡುತ್ತದೆ. ಮಾತಿಲ್ಲದಾಗ ಆ ಕೆಲಸವನ್ನೂ ಚೌಕಟ್ಟೇ ಮಾಡಬೇಕು. ಅಪ್ಪುಪೆನ್ ‘ಲೌಂಜ್ ಪಿರಾನ್ಹಾ’ ಎಂಬ ಬೆಂಗಳೂರಿನ ರಾಕ್ ತಂಡದಲ್ಲಿ ಡ್ರಮ್ಸ್ ನುಡಿಸುತ್ತಿದ್ದವರು. ಅವರ ಪುಟಗಳನ್ನು ತಾಳ ಹಾಕುತ್ತಾ ನೋಡಿದರೆ ಎಲ್ಲಿ ಪೆಟ್ಟು, ಎಲ್ಲಿ ಬಿಡುವು ಎಂದು ತಿಳಿಯುತ್ತದೆ.

ನಾಲ್ಕನೆಯದು ಎರಡು ಚೌಕಟ್ಟುಗಳ ನಡುವಿನ ಬಿಳಿ ಸಂದು. ಸ್ಕಾಟ್ ಮೆಕ್‌ಕ್ಲೌಡ್ 1993ರ ತನ್ನ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’ನಲ್ಲಿ, ಅದೂ ಚಿತ್ರಕಥೆಯ ರೂಪದಲ್ಲೇ, ವಿವರಿಸಿದ ಮುಖ್ಯ ಸಂಗತಿ ಇದು. ಮೊದಲ ಚೌಕದಲ್ಲಿ ಎತ್ತಿದ ಕೊಡಲಿ, ಎರಡನೆಯದರಲ್ಲಿ ಊರಿನ ಮೇಲೆ ಒಂದು ಚೀತ್ಕಾರ ಇದ್ದರೆ, ನಡುವಿನ ಕೊಲೆ ನಡೆದದ್ದು ಓದುಗನ ತಲೆಯಲ್ಲಿ. ಒಂದು ಚೌಕದಿಂದ ಇನ್ನೊಂದಕ್ಕೆ ದಾಟುವ ಆರು ಬಗೆಗಳನ್ನು ಆತ ಪಟ್ಟಿ ಮಾಡುತ್ತಾನೆ. ಒಗ್ಗಿದ ಚಿತ್ರಕಥೆಗಳು ಕ್ರಿಯೆಯಿಂದ ಕ್ರಿಯೆಗೆ ಹೆಜ್ಜೆ ಇಡುತ್ತವೆ, ಒಗ್ಗದವು ಹಾರುತ್ತವೆ. ಹಾರಿದ ದೂರವನ್ನು ತುಂಬುವ ಕೂಲಿ ಓದುಗನದು. ‘ಅರ್ಥವಾಗಲಿಲ್ಲ’ ಎನ್ನುವ ಮೊದಲು ಆ ಸಂದಿನಲ್ಲಿ ಒಂದು ಗಳಿಗೆ ನಿಂತೆವೆಯೇ ಎಂದು ಕೇಳಿಕೊಳ್ಳುವುದು ನ್ಯಾಯ.

ಇಷ್ಟು ಹೇಳಿದರೆ ‘ಇದೆಲ್ಲ ಪರದೇಶದ ಪಾಠ’ ಎನ್ನುವವರಿದ್ದಾರೆ. ಅವರನ್ನು ತರೀಕೆರೆ ಬಳಿಯ ಅಮೃತಾಪುರಕ್ಕೆ ಕರೆದೊಯ್ಯಬೇಕು. 1196ರಲ್ಲಿ, ಎರಡನೆಯ ವೀರಬಲ್ಲಾಳನ ಕಾಲದಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಗುಡಿ ಅದು. ಅದರ ಹೊರಗೋಡೆಯ ಮೇಲೆ 140 ಫಲಕಗಳಿವೆ. ದಕ್ಷಿಣದ ಗೋಡೆಯಲ್ಲಿ ಎಪ್ಪತ್ತು ಫಲಕಗಳ ರಾಮಾಯಣ; ಉತ್ತರದಲ್ಲಿ ಇಪ್ಪತ್ತೈದು ಕೃಷ್ಣನ ಬಾಳಿಗೆ, ನಲವತ್ತೈದು ಮಹಾಭಾರತಕ್ಕೆ. ಹಳದಿ ಪಟ್ಟಿಯ ವಿವರಣೆ ಇಲ್ಲ. ಅಷ್ಟೇ ಅಲ್ಲ, ರಾಮಾಯಣದ ಕಥೆ ಪ್ರದಕ್ಷಿಣೆಗೆ ವಿರುದ್ಧ ದಿಕ್ಕಿನಲ್ಲಿ ಸಾಗುತ್ತದೆ, ಉತ್ತರದ ಕಥೆಗಳು ಪ್ರದಕ್ಷಿಣೆಯ ದಿಕ್ಕಿನಲ್ಲಿ. ಎಲ್ಲಿಂದ ಓದಬೇಕು ಎಂಬುದನ್ನು ನಿಂತು, ಹಿಂದೆ ಮುಂದೆ ನಡೆದು ನೋಡುಗನೇ ಕಂಡುಕೊಳ್ಳಬೇಕು. ರೂವಾರಿ ಮಲ್ಲಿತಮ್ಮ ತನ್ನ ಕಸುಬು ಶುರುಮಾಡಿದ ಗುಡಿಯೂ ಇದೇ. ಹೊಯ್ಸಳ ಶಿಲ್ಪಿಗಳು ಕಲ್ಲಿನ ಮೇಲೆ ಹೆಸರು ಕೊರೆದವರು. ಇದು ಯಾರ ಕೈಚಳಕ ಎಂದು ಕೇಳುವ ರಸಿಕತೆ ಈ ನೆಲಕ್ಕೆ ಎಂಟುನೂರು ವರ್ಷ ಹಳತು.

ತೊಗಲುಗೊಂಬೆಯಾಟ ಇನ್ನೊಂದು ಸಾಕ್ಷಿ. ಕರ್ನಾಟಕದ ತೊಗಲುಗೊಂಬೆಗಳಲ್ಲಿ ಅಳತೆ ದೇಹದ ಅಳತೆಯಲ್ಲ, ಸ್ಥಾನದ ಅಳತೆ. ರಾಜ, ದೇವರು ದೊಡ್ಡ ಗೊಂಬೆ. ಸೇವಕ, ಸಾಮಾನ್ಯ ಪ್ರಜೆ ಸಣ್ಣ ಗೊಂಬೆ. ಪಕ್ಕಕ್ಕೆ ತಿರುಗಿದ ಮುಖದ ಮೇಲೂ ಕಣ್ಣು ಅಗಲವಾಗಿ ಬಿಟ್ಟುಕೊಂಡೇ ಇರುತ್ತದೆ. ಪರದೆಯ ಮುಂದೆ ಕುಳಿತ ರೈತ ‘ಇದು ಅಂಗರಚನೆಗೆ ಸರಿಯಿಲ್ಲ’ ಎಂದು ಎದ್ದುಹೋಗಲಿಲ್ಲ. ಬೆಳಗಿನ ತನಕ ಕೂತು ನೋಡಿದ. ಯಾವುದು ಮುಖ್ಯವೋ ಅದು ದೊಡ್ಡದು ಎಂಬ ವ್ಯಾಕರಣ ಅವನಿಗೆ ಗೊತ್ತಿತ್ತು. ಆ ವ್ಯಾಕರಣವನ್ನು ನಮ್ಮಿಂದ ಮರೆಸಿದ್ದು ರವಿವರ್ಮನ ನಂತರದ ನೂರು ವರ್ಷ.

ಮರೆತದ್ದನ್ನು ಪುಸ್ತಕದೊಳಕ್ಕೆ ಮರಳಿ ತಂದವರಲ್ಲಿ ಮಧ್ಯಪ್ರದೇಶದ ಪರಧಾನ ಗೊಂಡ ಕಲಾವಿದರಾದ ದುರ್ಗಾಬಾಯಿ ಮತ್ತು ಸುಭಾಷ್ ವ್ಯಾಮ್ ಮುಖ್ಯರು. 2011ರಲ್ಲಿ ನವಯಾನ ಪ್ರಕಟಿಸಿದ ‘ಭೀಮಾಯಣ’ ಅಂಬೇಡ್ಕರರ ಬದುಕಿನ ಚಿತ್ರಕಥೆ. ಬರವಣಿಗೆ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು. ಇದರಲ್ಲಿ ಚೌಕಟ್ಟೇ ಇಲ್ಲ. ಗೊಂಡರು ಮನೆಯ ಗೋಡೆ, ನೆಲದ ಮೇಲೆ ಬರೆಯುವ ದಿಗ್ನಾ ಎಂಬ ವಿನ್ಯಾಸವೇ ಪುಟವನ್ನು ಬಳಸುತ್ತಾ ಹೋಗುತ್ತದೆ. ಪಾತ್ರಗಳನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಲು ಕಲಾವಿದರು ಒಪ್ಪಲಿಲ್ಲ. ಮಾತಿನ ಗುಳ್ಳೆಗಳನ್ನು ಅವರು ಬರೆದ ರೀತಿಯಂತೂ ಮರೆಯುವ ಹಾಗಿಲ್ಲ: ಮೃದು ಮಾತಿಗೆ ಹಕ್ಕಿಯ ಆಕಾರ, ಜಾತಿಯ ವಿಷ ಕಕ್ಕುವ ಮಾತಿಗೆ ಚೇಳಿನ ಬಾಲ. ಕುಡಿಯುವ ನೀರು ಕೇಳಿದ ಹುಡುಗನಿಗೆ ಬಂದ ಉತ್ತರದ ಬುಡದಲ್ಲಿ ಆ ಕೊಂಡಿ ಕಂಡಾಗ ‘ಅವನು ಕ್ರೂರವಾಗಿ ಹೇಳಿದ’ ಎಂಬ ವಾಕ್ಯ ಬೇಕಾಗುವುದಿಲ್ಲ. ಅಮರ ಚಿತ್ರಕಥೆಯ ಶೈಲಿಯಲ್ಲಿ ಇದೇ ಪ್ರಸಂಗ ಬಂದಿದ್ದರೆ ಮೀಸೆಯ ಒಬ್ಬ ಖಳ ಹುಬ್ಬು ಗಂಟಿಕ್ಕುತ್ತಿದ್ದ. ಕೆಡುಕು ಅವನೊಬ್ಬನ ಮುಖಕ್ಕೆ ಅಂಟಿ ಉಳಿಯುತ್ತಿತ್ತು. ಚೇಳಿನ ಬಾಲ ಇರುವುದು ಮುಖಕ್ಕಲ್ಲ, ಮಾತಿಗೆ. ಕೆಡುಕು ಒಬ್ಬನದಲ್ಲ, ಒಂದು ಸಮಾಜ ಆಡುವ ಭಾಷೆಯದು ಎಂಬ ವಿಚಾರವನ್ನು ಶೈಲಿಯೇ ಹೇಳಿಬಿಟ್ಟಿತು.

ಇದನ್ನು ನಮ್ಮೂರಿನ ಮೇಲೆಯೇ ಪ್ರಯೋಗಿಸಿ ನೋಡೋಣ. ಸೋಲದೇವನಹಳ್ಳಿಗೆ ನೀರಿನ ಚರಿತ್ರೆಯೊಂದಿದೆ. 1890ರ ದಶಕದಲ್ಲಿ, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಹೆಸರಘಟ್ಟದಲ್ಲಿ ಅರ್ಕಾವತಿಯ ನೀರು ನಿಲ್ಲಿಸಿ, ಇಟ್ಟಿಗೆಯ ಕಾಲುವೆಯಲ್ಲಿ ಸೋಲದೇವನಹಳ್ಳಿಗೆ ಹರಿಸಿ, ಇಲ್ಲಿನ ಪಂಪುಮನೆಯಿಂದ ಬೆಂಗಳೂರಿಗೆ ತಳ್ಳುವ ವ್ಯವಸ್ಥೆಯಾಯಿತು. 1896ರಲ್ಲಿ ನೀರು ನಗರ ಮುಟ್ಟಿತು. ಯೋಜನೆಗೆ ಆ ವೇಳೆಗೆ ಕಾಲವಾಗಿದ್ದ ಚಾಮರಾಜೇಂದ್ರ ಒಡೆಯರ ಹೆಸರು.

ಇದನ್ನು ಅಮರ ಚಿತ್ರಕಥೆಯ ಕೈ ಹೇಗೆ ಬರೆದೀತು? ಮೊದಲ ಚೌಕದಲ್ಲಿ ಬರಡು ನಗರ, ಖಾಲಿ ಕೊಡ. ಎರಡನೆಯದರಲ್ಲಿ ಪೇಟ ಧರಿಸಿದ ದಿವಾನರು ನಕ್ಷೆಯ ಮೇಲೆ ಬೆರಳಿಟ್ಟಿದ್ದಾರೆ. ಕೊನೆಯಲ್ಲಿ ನಲ್ಲಿ ತಿರುಗಿಸುವ ತಾಯಿ, ಕೈಮುಗಿದ ಜನ. ಸುಳ್ಳು ಒಂದೂ ಇಲ್ಲ. ಆದರೆ ಸೋಲದೇವನಹಳ್ಳಿ ಒಂದು ಚೌಕದಲ್ಲಿ ಬಂದು ಹೋಗುವ ಹಿನ್ನೆಲೆ.

ಹಾಲಾಹಲದ ವರಸೆ ಕಲಿತ ಕೈಗೆ ಇದೇ ಕಥೆ ಕೊಟ್ಟರೆ? ನನ್ನ ಊಹೆ ಹೀಗಿದೆ: ಪಂಪುಮನೆ ತೊಗಲುಗೊಂಬೆಯ ರಾವಣನಷ್ಟು ದೊಡ್ಡದು, ಊರು ಅದರ ಕಾಲ್ಬೆರಳಿನಷ್ಟು. ಕೊಳವೆ ಪುಟದಿಂದ ಪುಟಕ್ಕೆ ಹರಿಯುತ್ತಾ ದಪ್ಪವಾಗುತ್ತದೆ. ನೀರು ಕಪ್ಪಿನಲ್ಲಿ, ನಗರ ಬಾಯಿಯಾಗಿ. ಅಂಚಿನಲ್ಲಿ ಕೊಡ ಹಿಡಿದ ಸಣ್ಣ ಸಣ್ಣ ಮನುಷ್ಯರು ಕೊಳವೆ ಹಾದುಹೋಗುವುದನ್ನು ನೋಡುತ್ತಾರೆ. ಕೊನೆಯ ಪುಟದಲ್ಲಿ ಲೇಔಟುಗಳ ನಡುವೆ ಅದೇ ರಸ್ತೆಯಲ್ಲಿ ನೀರಿನ ಟ್ಯಾಂಕರ್. ಒಂದೂ ಮಾತಿಲ್ಲ. ಅಳತೆಗಳೆಲ್ಲ ತಪ್ಪು. ಆದರೂ ನಗರದ ದಾಹಕ್ಕೆ ದಾರಿಯಾದ ಊರಿನ ಪಾಲಿಗೆ ಏನು ಉಳಿಯಿತು ಎಂಬ ಪ್ರಶ್ನೆಯನ್ನು ಕೇಳುವುದು ಈ ತಪ್ಪು ಅಳತೆಯೇ. ಮೊದಲ ಶೈಲಿ ಘಟನೆಗೆ ನಿಷ್ಠ, ಎರಡನೆಯದು ಅನುಭವಕ್ಕೆ. ಎರಡೂ ಬೇಕು. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯುವುದು ಮಾತ್ರ ಬೇಡ.

ಇಲ್ಲೊಂದು ಎಚ್ಚರಿಕೆಯೂ ಬೇಕು. ವಿಚಿತ್ರವಾಗಿರುವುದೆಲ್ಲ ಶ್ರೇಷ್ಠವಲ್ಲ. ಬರೆಯಲು ಬಾರದ ಕೈಯೂ ಶೈಲಿಯ ಹೆಸರಿನ ಮರೆಯಲ್ಲಿ ಅಡಗಬಹುದು. ಬೇರ್ಪಡಿಸುವುದು ಹೇಗೆ? ಸೊಟ್ಟತನಕ್ಕೆ ನಿಯಮವಿದೆಯೇ ಎಂದು ನೋಡುವುದು. ಕರ್ಬಿಯ ಬೆರಳು ಎಲ್ಲ ಪುಟದಲ್ಲೂ ಅದೇ ಕಾರಣಕ್ಕೆ ಚೌಕ. ವ್ಯಾಮ್ ದಂಪತಿಯ ಚೇಳಿನ ಬಾಲ ತಪ್ಪಿಯೂ ಒಳ್ಳೆಯವನ ಮಾತಿಗೆ ಅಂಟುವುದಿಲ್ಲ. ಬಾರದ ಕೈಯ ತಪ್ಪುಗಳು ಎಲ್ಲೆಂದರಲ್ಲಿ ಬೀಳುತ್ತವೆ, ಅವುಗಳಿಂದ ಕಥೆಗೆ ಏನೂ ದಕ್ಕುವುದಿಲ್ಲ. ಇನ್ನೊಂದು ಪರೀಕ್ಷೆ: ಆ ಸೊಟ್ಟ ಗೆರೆಯನ್ನು ಮನಸ್ಸಿನಲ್ಲಿ ನೆಟ್ಟಗೆ ಮಾಡಿ ನೋಡಿ. ಕಥೆ ಏನನ್ನಾದರೂ ಕಳೆದುಕೊಂಡಿತೇ? ಕಳೆದುಕೊಂಡರೆ ಅದು ಶೈಲಿ. ಏನೂ ಆಗದಿದ್ದರೆ ಶೋಕಿ. ಈ ಪರೀಕ್ಷೆಯನ್ನು ಅಪ್ಪುಪೆನ್‌ಗೂ ಒಡ್ಡಬೇಕು. ಅವರ ಎಲ್ಲ ಪುಟಗಳೂ ಎಲ್ಲರಿಗೂ ಹಿಡಿಸಬೇಕಾಗಿಲ್ಲ. ಓದಿ ತಿಳಿದ ಮೇಲೆ ಬೇಡ ಎನ್ನುವುದು ಕೂಡ ರಸಿಕತೆಯೇ. ಓದದೆ ಬೇಡ ಎನ್ನುವುದು ಸೋಮಾರಿತನ.

ಕನ್ನಡದ ಓದುಗರಿಗೆ ಇಲ್ಲೊಂದು ಅನುಕೂಲವುಂಟು. ಇಂಗ್ಲಿಷಿನಲ್ಲಿ ಬಂದ ಗ್ರಾಫಿಕ್ ಕಾದಂಬರಿಗಳು ನಮ್ಮ ಹಳ್ಳಿಯ ಶಾಲೆಗೆ ತಲುಪದಿರಲು ಭಾಷೆಯೇ ಅಡ್ಡಗೋಡೆ. ಮಾತಿಲ್ಲದ ಪುಸ್ತಕಕ್ಕೆ ಆ ಗೋಡೆ ಇಲ್ಲ, ಅನುವಾದಕನಿಗಾಗಿ ಕಾಯಬೇಕಿಲ್ಲ. ‘ದಿ ಅರೈವಲ್’ ಅಥವಾ ‘ಲೆಜೆಂಡ್ಸ್ ಆಫ್ ಹಾಲಾಹಲ’ದ ಮುಂದೆ ಕುಣಿಗಲ್ಲಿನ ಹುಡುಗಿಯೂ ಲಂಡನ್ನಿನ ಪ್ರಾಧ್ಯಾಪಕನೂ ಸಮಾನರು; ಅವಳೂರಿನ ಜಾತ್ರೆಯಲ್ಲಿ ತೊಗಲುಗೊಂಬೆ ಆಡಿದ್ದರೆ ಅವಳದೇ ಒಂದು ಕೈ ಮೇಲು. ‘ಲೆಜೆಂಡ್ಸ್ ಆಫ್ ಹಾಲಾಹಲ’ ದೊಡ್ಡ ಮಕ್ಕಳಿಗೆ, ಕಾಲೇಜಿನವರಿಗೆ ಸರಿ. ಶಾಲೆಗೆ ‘ದಿ ಅರೈವಲ್’ ಸಾಕು. ನಮ್ಮ ಶಾಲಾ ಗ್ರಂಥಾಲಯಗಳು ವರ್ಷಕ್ಕೊಂದು ಇಂಥ ಪುಸ್ತಕ ಕೊಂಡು, ಕನ್ನಡದ ಪೀರಿಯಡ್ಡಿನಲ್ಲೇ ಅದನ್ನು ಮೇಜಿನ ಮೇಲಿಟ್ಟು, ಪ್ರತಿ ಮಗುವಿಗೂ ಕಥೆಯನ್ನು ತನ್ನ ಮಾತಿನಲ್ಲಿ ಬರೆಯಲು ಹೇಳಬಹುದು. ನಲವತ್ತು ಮಕ್ಕಳು ನಲವತ್ತು ಕಥೆ ಬರೆಯುತ್ತಾರೆ. ಅವುಗಳಲ್ಲಿ ಸರಿ ಯಾವುದು ಎಂದು ಯಾರಾದರೂ ಕೇಳಿದರೆ, ಚಿತ್ರವನ್ನೇ ತೆರೆದು ಗೆರೆ ತೋರಿಸಿ ವಾದಿಸಲು ಮಕ್ಕಳಿಗೆ ಬಿಡಿ. ಆ ಜಗಳ ಶುರುವಾದ ತರಗತಿಯಲ್ಲಿ ಚಿತ್ರ ಓದುವ ಪಾಠ ಆಗಲೇ ಅರ್ಧ ಮುಗಿದಿರುತ್ತದೆ.